ಮುಖವರ್ಣಿಕೆಯ ಖನಿಜಗಳು

ಗದ್ದೆಗಳಲ್ಲಿ ಕೊಯ್ಲು ಮುಗಿದು ಚಳಿ ಬೀಳತೊಡಗಿತೆಂದರೆ ಕುಮಟೆ, ಹೊನ್ನಾವರ, ಭಟ್ಕಳಗಳ ಕಡೆಯಲ್ಲಿ ಬಯಲಾಟದ ದಿನಗಳು ಬಂದುವೆಂದೇ ಲೆಕ್ಕ. ರಂಗಸ್ಥಳದಲ್ಲಿ ಚೆಂಡೆಯ ಸದ್ದು ಏಳುವುದಕ್ಕೆ ಬಹಳ ಮೊದಲೇ ಚೌಕಿಯಲ್ಲಿ ಇನ್ನೊಂದು ಕೆಲಸ ಮೌನವಾಗಿ ಸಾಗಿರುತ್ತದೆ. ವೇಷಧಾರಿಯು ಕನ್ನಡಿಯೊಂದನ್ನು ಮುಂದಿಟ್ಟುಕೊಂಡು ಕುಳಿತು, ಮುಖಕ್ಕೆ ತೆಳುವಾಗಿ ಕೊಬ್ಬರಿ ಎಣ್ಣೆಯನ್ನು ಸವರಿ, ಬಿಳಿ, ಹಳದಿ, ಕೆಂಪು ಪುಡಿಗಳನ್ನು ಹದವಾಗಿ ಬೆರೆಸಿ ಹಚ್ಚಿಕೊಳ್ಳುವನು. ಬಡಗುತಿಟ್ಟಿನಲ್ಲಿ ಕಲಾವಿದನು ತನ್ನ ಮುಖವನ್ನು ತಾನೇ ಬರೆದುಕೊಳ್ಳುವುದು ವಾಡಿಕೆ. ಎರಡು ಗಂಟೆಗಳ ಹಿಂದೆ ನಮ್ಮ ನೆರೆಮನೆಯವನಂತೆ ಕಂಡಿದ್ದವನು ಆಗ ಕರ್ಣನೋ ಕೌರವನೋ ಆಗಿ ಎದ್ದು ನಿಲ್ಲುತ್ತಾನೆ.

ಈ ಬಣ್ಣಗಳು ಎಲ್ಲಿಂದ ಬಂದುವು? ಅವು ಚರ್ಮಕ್ಕೆ ಏನು ಮಾಡುತ್ತವೆ? ಆಟ ನೋಡುವವನಿಗೆ ಈ ಪ್ರಶ್ನೆ ಹೊಳೆಯಲಾರದು. ಆದರೆ ಬಣ್ಣ ಹಚ್ಚುವವನ ಪಾಲಿಗೆ ಇದು ಸಣ್ಣ ಮಾತಲ್ಲ. ಹೊನ್ನಾವರ ತಾಲ್ಲೂಕಿನ ಕೆರೆಮನೆಯ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಕಟ್ಟಿದ್ದು ೧೯೩೪ರಲ್ಲಿ. ಅದೇ ಸೀಮೆಯವರಾಗಿ, ೨೦೧೭ರಲ್ಲಿ ತೀರಿಕೊಂಡ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಅರ್ಧ ಶತಮಾನಕ್ಕೂ ಮಿಕ್ಕಿ ವೇಷ ಮಾಡಿದರು. ಒಬ್ಬ ಕಲಾವಿದನು ವರ್ಷಕ್ಕೆ ೧೫೦ ರಾತ್ರಿಗಳಂತೆ ೪೦ ವರ್ಷ ಬಣ್ಣ ಹಚ್ಚಿದನೆಂದು ಭಾವಿಸಿದರೆ ೬೦೦೦ ರಾತ್ರಿಗಳಾದುವು. ಪ್ರತಿ ರಾತ್ರಿಯೂ ಏಳೆಂಟು ಗಂಟೆಗಳ ಕಾಲ ಆ ಪುಡಿ ಮುಖದ ಮೇಲಿರುತ್ತದೆ, ಬೆವರಿನೊಡನೆ ಬೆರೆಯುತ್ತದೆ, ತುಟಿಯ ಅಂಚಿಗೆ ಇಳಿಯುತ್ತದೆ. ದಿನವೂ ಮುಖಕ್ಕೆ ಪೌಡರು ಹಚ್ಚಿ ಕಾಲೇಜಿಗೆ ಹೊರಡುವ ವಿದ್ಯಾರ್ಥಿಯದೂ ಪ್ರಮಾಣದಲ್ಲಿ ಚಿಕ್ಕದಾದ ಇದೇ ಕಥೆಯೇ. ಆದುದರಿಂದ ಚೌಕಿಯ ಬಣ್ಣದ ಪೆಟ್ಟಿಗೆಯನ್ನೇ ನಮ್ಮ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡು ಈ ವಿಷಯವನ್ನು ವಿಚಾರಿಸೋಣ.

ಪೆಟ್ಟಿಗೆಯಲ್ಲಿ ಏನಿದೆ?

ಹಿಂದಿನ ಕಾಲದ ಮುಖವರ್ಣಿಕೆಯಲ್ಲಿ ಮುಖ್ಯವಾದ ಬಣ್ಣಗಳು ನಾಲ್ಕು. ಬಿಳಿಗೆ ಸಫೇದ, ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ಕಾಡಿಗೆ. ಇವುಗಳಲ್ಲಿ ದೀಪದ ಮಸಿಯಿಂದ ಮಾಡಿದ ಕಾಡಿಗೆಯು ಬರಿಯ ಇಂಗಾಲ. ಉಳಿದ ಮೂರೂ ಲೋಹಗಳ ಸಂಯುಕ್ತಗಳು. ಅರದಾಳವೆಂದರೆ ಆರ್ಸೆನಿಕ್ ಮತ್ತು ಗಂಧಕಗಳ ಸಂಯುಕ್ತ. ಇಂಗಳೀಕವು ಪಾದರಸ ಮತ್ತು ಗಂಧಕಗಳ ಸಂಯುಕ್ತ. ಸಫೇದ ಎಂಬ ಹೆಸರು ಮಾತ್ರ ಮೋಸದ್ದು. ಆ ಹೆಸರಿನಲ್ಲಿ ಸತುವಿನ ಆಕ್ಸೈಡೂ ದೊರೆಯಬಹುದು, ಸೀಸದ ಕಾರ್ಬೊನೇಟೂ ದೊರೆಯಬಹುದು. ಕಣ್ಣಿಗೆ ಎರಡೂ ಒಂದೇ ಬಗೆಯ ಬಿಳಿಯ ಪುಡಿ. ದೇಹಕ್ಕೆ ಮಾತ್ರ ಒಂದು ಮಿತ್ರ, ಇನ್ನೊಂದು ಶತ್ರು.

ಸೀಸ, ಪಾದರಸ, ಆರ್ಸೆನಿಕ್ ಎಂಬ ಹೆಸರುಗಳನ್ನು ಕೇಳಿದೊಡನೆ ಬೆಚ್ಚಬೇಕಾಗಿಲ್ಲ. ನೆಲದಿಂದ ಅಗೆದ ಪುಡಿಯಾದುದರಿಂದ ‘ನೈಸರ್ಗಿಕ’, ಆದುದರಿಂದ ನಿರಪಾಯಕರ ಎಂದು ನಂಬಬೇಕಾಗಿಯೂ ಇಲ್ಲ. ಒಂದು ಖನಿಜದ ಪುಡಿಯಿಂದ ಕೇಡಾಗುವುದೋ ಇಲ್ಲವೋ ಎಂಬುದನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ. ಅದರಲ್ಲಿರುವ ಧಾತು ಯಾವುದು? ಅದು ದೇಹದ ದ್ರವಗಳಲ್ಲಿ ಕರಗುವುದೆ? ಅದು ಯಾವ ಬಾಗಿಲಿನಿಂದ ಒಳಹೊಗುತ್ತದೆ?

ದೇಹದ ಬಾಗಿಲುಗಳು

ನಮ್ಮ ಚರ್ಮದ ಹೊರಪದರವು ಸತ್ತ ಜೀವಕೋಶಗಳಿಂದಾದ ಒಂದು ಗೋಡೆ. ದೇಹದ ಬಹುಭಾಗದಲ್ಲಿ ಇದರ ದಪ್ಪ ಸುಮಾರು ೧೦ರಿಂದ ೨೦ ಮೈಕ್ರಾನ್ ಮಾತ್ರ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ತಲೆಗೂದಲಿನ ದಪ್ಪವೇ ಸುಮಾರು ೭೦ ಮೈಕ್ರಾನ್ ಇರುತ್ತದೆ. ಇಷ್ಟು ತೆಳುವಾದರೂ ಈ ಗೋಡೆ ಬಲು ಗಟ್ಟಿ. ಇಟ್ಟಿಗೆಗಳಂತೆ ಒತ್ತಾಗಿ ಜೋಡಿಸಿದ ಕೋಶಗಳ ನಡುವೆ ಕೊಬ್ಬಿನ ಗಾರೆ ತುಂಬಿದೆ. ನೀರಿನಲ್ಲಾಗಲಿ ಎಣ್ಣೆಯಲ್ಲಾಗಲಿ ಕರಗದ ಪುಡಿಯ ಕಣವು ಗಾಯವಿಲ್ಲದ ಈ ಗೋಡೆಯನ್ನು ದಾಟಲಾರದು. ಹಚ್ಚಿದ ಪುಡಿ ಮೇಲೆಯೇ ಉಳಿದು, ತೊಳೆದಾಗ ಹೋಗುತ್ತದೆ.

ಆದರೆ ಮನೆಯ ಗೋಡೆ ಗಟ್ಟಿಯಾದರೆ ಸಾಲದು, ಬಾಗಿಲುಗಳನ್ನೂ ನೋಡಬೇಕು. ಬಾಯಿ ಮೊದಲನೆಯ ಬಾಗಿಲು. ತುಟಿಯ ಬಣ್ಣವೂ ಬೆರಳಿಗಂಟಿದ ಪುಡಿಯೂ ಊಟತಿಂಡಿಗಳೊಡನೆ ಹೊಟ್ಟೆಗೆ ಸೇರುತ್ತವೆ. ಅಲ್ಲಿ ಜಠರದ ಹೈಡ್ರೊಕ್ಲೋರಿಕ್ ಆಮ್ಲವು ಬೆವರಿನಲ್ಲಿ ಕರಗದಿದ್ದುದನ್ನೂ ಕರಗಿಸಬಲ್ಲದು. ಮೂಗು ಎರಡನೆಯದು. ಸುಮಾರು ೧೦ ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸನಾಳಗಳನ್ನು ಹೊಗುತ್ತವೆ. ೪ ಮೈಕ್ರಾನಿಗಿಂತ ಸಣ್ಣವು ಶ್ವಾಸಕೋಶದ ಗಾಳಿಗೂಡುಗಳವರೆಗೂ ಹೋಗಿ ನೆಲಸಬಲ್ಲವು. ಕಣ್ಣು ಮೂರನೆಯದು. ಕಣ್ಣಿನಿಂದ ಮೂಗಿಗೆ, ಮೂಗಿನಿಂದ ಗಂಟಲಿಗೆ ಸಣ್ಣ ನಾಳವುಂಟು. ಕಣ್ಣಿಗೆ ಹಚ್ಚಿದ್ದು ಆ ದಾರಿಯಾಗಿ ಹೊಟ್ಟೆಗೆ ಇಳಿಯುತ್ತದೆ. ಬಿರುಕುಬಿಟ್ಟ, ಗಾಯವಾದ ಅಥವಾ ಇಸುಬಿನಿಂದ ಕೆಟ್ಟ ಚರ್ಮವನ್ನು ನಾಲ್ಕನೆಯ ಬಾಗಿಲೆಂದು ಎಣಿಸಬಹುದು.

ಒಬ್ಬ ನಟನ ನಡುಗಿದ ಕಾಲು

ಬಿಳಿಯ ಸೀಸದ ಕಥೆಯನ್ನು ತಿಳಿಯಲು ನಾವು ಜಪಾನಿಗೆ ಹೋಗಬೇಕು. ನಮ್ಮ ಯಕ್ಷಗಾನದಂತೆಯೇ ಅಲ್ಲಿಯ ಕಬೂಕಿ ನಾಟಕದಲ್ಲಿಯೂ ಮುಖಕ್ಕೆ ದಪ್ಪನಾಗಿ ಬಿಳಿಯ ಬಣ್ಣ ಬಳಿಯುವ ಸಂಪ್ರದಾಯವಿದೆ. ಶತಮಾನಗಳ ಕಾಲ ಆ ಬಿಳಿಗೆ ಸೀಸದ ಕಾರ್ಬೊನೇಟನ್ನು ಬಳಸುತ್ತಿದ್ದರು. ೧೮೮೭ರಲ್ಲಿ ಚಕ್ರವರ್ತಿ ಮೇಜಿಯ ಸಮ್ಮುಖದಲ್ಲಿ ಪ್ರದರ್ಶನ ನಡೆದಾಗ ನಾಕಾಮುರಾ ಫುಕುಸುಕೆ ಎಂಬ ನಟನ ಕಾಲು ತಡೆಯಲಾರದಂತೆ ನಡುಗತೊಡಗಿತು. ಅದು ಅಂಜಿಕೆಯ ನಡುಕವಾಗಿರಲಿಲ್ಲ. ವರ್ಷಗಟ್ಟಲೆ ಮುಖಕ್ಕೆ ಹಚ್ಚಿದ ಸೀಸದ ವಿಷದ ಪರಿಣಾಮವಾಗಿತ್ತು. ಸೀಸವಿಲ್ಲದ ಬಿಳಿಯನ್ನು ತಯಾರಿಸಬೇಕೆಂಬ ಯತ್ನಕ್ಕೆ ಈ ಘಟನೆ ಅಲ್ಲಿ ಪ್ರೇರಣೆಯಾಯಿತು.

ನಟರಿಗಿಂತ ಹೆಚ್ಚಿನ ಕಷ್ಟ ಬಂದದ್ದು ಕೂಸುಗಳಿಗೆ. ಜಪಾನಿನಲ್ಲಿ ಹಾಲುಗೂಸುಗಳಿಗೆ ಮೆದುಳಿನ ಪೊರೆಯ ಉರಿಯೂತದಂತೆ ಕಾಣುವ ಕಾಯಿಲೆಯೊಂದು ಬಂದು ಅನೇಕ ಮಕ್ಕಳು ಸಾಯುತ್ತಿದ್ದರು. ಅದು ಸೋಂಕಲ್ಲ, ತಾಯಂದಿರು ಹಚ್ಚಿಕೊಳ್ಳುವ ಪೌಡರಿನಲ್ಲಿದ್ದ ಸೀಸದ ವಿಷವೆಂದು ಕ್ಯೋಟೋ ವಿಶ್ವವಿದ್ಯಾಲಯದ ಮಕ್ಕಳ ವೈದ್ಯ ಇಕುತಾರೋ ಹಿರಾಯ್ ೧೯೨೩ರಲ್ಲಿ ತೋರಿಸಿಕೊಟ್ಟರು. ತಾಯಿಯ ಕೊರಳು, ಎದೆಗಳ ಮೇಲಿನ ಪುಡಿಯನ್ನು ಕೂಸು ಹಾಲಿನೊಡನೆ ನೆಕ್ಕಿ ನುಂಗುತ್ತಿತ್ತು. ಸೀಸದ ಬಿಳಿಯ ತಯಾರಿಕೆಯನ್ನು ಜಪಾನ್ ಸರಕಾರ ನಿಷೇಧಿಸಿದ್ದು ೧೯೩೦ರ ದಶಕದಲ್ಲಿ.

ಸೀಸವು ಇಷ್ಟು ಕ್ರೂರವಾಗಲು ಕಾರಣವೇನು? ರಕ್ತದ ಕೆಂಪು ದ್ರವ್ಯದ ತಯಾರಿಕೆಗೆ ಅದು ಅಡ್ಡಬರುತ್ತದೆ. ದೇಹವು ಅದನ್ನು ಸುಣ್ಣದ ಧಾತುವಾದ ಕ್ಯಾಲ್ಸಿಯಮ್ಮೆಂದು ತಪ್ಪು ತಿಳಿದು ಎಲುಬುಗಳಲ್ಲಿ ಕೂಡಿಡುತ್ತದೆ. ಅಲ್ಲಿ ಅದು ದಶಕಗಳ ಕಾಲ ಉಳಿಯಬಲ್ಲದು. ಬೆಳೆಯುತ್ತಿರುವ ಮಕ್ಕಳ ಮೆದುಳಿಗಂತೂ ಅದರ ಅಲ್ಪ ಪ್ರಮಾಣವೂ ಹಾನಿಕರ. ಇಷ್ಟರವರೆಗೆ ಇದ್ದರೆ ಚಿಂತೆಯಿಲ್ಲ ಎಂದು ಹೇಳಬಹುದಾದ ಮಿತಿಯೇ ಸೀಸಕ್ಕೆ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ.

ಸತುವಿನ ಆಕ್ಸೈಡು ಇದಕ್ಕೆ ತೀರ ಬೇರೆ. ಸತು ನಮ್ಮ ದೇಹಕ್ಕೆ ಬೇಕಾದ ಧಾತು. ಅದರ ಆಕ್ಸೈಡನ್ನು ವೈದ್ಯರೇ ಗಾಯಗಳಿಗೂ ಕೂಸುಗಳ ತೊಡೆಸಂದಿನ ಕೆಂಪಿಗೂ ಮುಲಾಮಿನಲ್ಲಿ ಬೆರೆಸಿ ಕೊಡುವುದುಂಟು. ಬಿಸಿಲಿನ ಅತಿನೇರಳೆ ಕಿರಣಗಳನ್ನೂ ಅದು ತಡೆಯುತ್ತದೆ. ಆದುದರಿಂದ ಸಫೇದವನ್ನು ಕೊಳ್ಳುವವನು ‘ಸತುವಿನದೋ ಸೀಸದ್ದೋ’ ಎಂಬ ಒಂದೇ ಪ್ರಶ್ನೆಯನ್ನು ಕೇಳಿ ಖಚಿತಪಡಿಸಿಕೊಂಡರೆ ಅರ್ಧ ಅಪಾಯ ಕಳೆದಂತೆ.

ಅರದಾಳ, ಇಂಗಳೀಕ

ಅರದಾಳವು ನೀರಿನಲ್ಲಿ ಬಹುಮಟ್ಟಿಗೆ ಕರಗದು. ಹಾಗೆಂದು ಅದನ್ನು ನಂಬುವಂತಿಲ್ಲ. ಬೆಳಕು, ಗಾಳಿಗಳಿಗೆ ಒಡ್ಡಿದ ಅರದಾಳವು ಮೆಲ್ಲಮೆಲ್ಲನೆ ಆರ್ಸೆನಿಕ್ಕಿನ ಆಕ್ಸೈಡಾಗಿ ಮಾರ್ಪಡುತ್ತದೆ. ಇದೇ ಜನ ಹೇಳುವ ಪಾಷಾಣ. ಇದು ನೀರಿನಲ್ಲಿ ಕರಗುತ್ತದೆ. ಗಣಿಯಿಂದ ತೆಗೆದ ಅರದಾಳದಲ್ಲಿಯೂ ಇದರ ಬೆರಕೆ ಇರುವುದುಂಟು. ಸ್ವಲ್ಪಸ್ವಲ್ಪವಾಗಿ ಬಹುಕಾಲ ದೇಹಕ್ಕೆ ಸೇರಿದ ಆರ್ಸೆನಿಕ್ಕು ಅಂಗೈ ಅಂಗಾಲುಗಳ ಚರ್ಮವನ್ನು ದಪ್ಪಗಾಗಿಸಿ ಗಂಟುಗಟ್ಟಿಸುತ್ತದೆ. ಮೈಮೇಲೆ ಕಪ್ಪು ಬಿಳಿ ಮಚ್ಚೆಗಳನ್ನು ಎಬ್ಬಿಸುತ್ತದೆ. ಕಡೆಗೆ ಚರ್ಮದ ಕ್ಯಾನ್ಸರಿಗೂ ದಾರಿಮಾಡಬಲ್ಲದು.

ಇಂಗಳೀಕದ ಸಂಗತಿ ಹೆಚ್ಚು ಸ್ವಾರಸ್ಯಕರ. ಪಾದರಸದಂತಹ ವಿಷಲೋಹವಿದ್ದರೂ, ಗಂಧಕದೊಡನೆ ಅದರ ಬೆಸುಗೆ ಎಷ್ಟು ಬಿಗಿಯೆಂದರೆ ಇಂಗಳೀಕವು ಲೋಕದ ಅತ್ಯಂತ ಕರಗದ ಪದಾರ್ಥಗಳ ಸಾಲಿಗೆ ಸೇರುತ್ತದೆ. ಆದುದರಿಂದ ಶುದ್ಧವಾದ ಇಂಗಳೀಕದಿಂದ ಚರ್ಮದ ಮೂಲಕ ಪಾದರಸವು ಒಳಸೇರುವುದು ಬಹಳ ಕಡಿಮೆ. ಆದರೂ ಕೆಲವರ ಚರ್ಮಕ್ಕೆ ಅದು ಒಗ್ಗದೆ ತುರಿಕೆ, ಊತಗಳು ಬರುತ್ತವೆ. ಬಿಸಿಮಾಡಿದರೆ ಬೆಸುಗೆ ಬಿಚ್ಚಿ ಪಾದರಸದ ಆವಿ ಹೊರಡುತ್ತದೆ. ಈ ಆವಿ ಶ್ವಾಸಕೋಶಕ್ಕೂ ನರಗಳಿಗೂ ಘಾತಕ. ಕೆಂಪಿಗೆ ಇಂಗಳೀಕವೆಂದು ಕೊಟ್ಟ ಪುಡಿಯಲ್ಲಿ ಸೀಸದ ಕೆಂಪನ್ನು ಬೆರೆಸಿರುವ ಸಂಭವವೂ ಉಂಟು.

ಮನೆಯ ಬಣ್ಣಗಳು

ಚೌಕಿಯಿಂದ ಮನೆಗೆ ಬರೋಣ. ನಮ್ಮ ಸಾಂಪ್ರದಾಯಿಕ ಕುಂಕುಮವು ಅರಸಿನದಿಂದ ಆದದ್ದು. ಅರಸಿನದ ಬಣ್ಣದ್ರವ್ಯವು ಸುಣ್ಣದಂತಹ ಕ್ಷಾರದೊಡನೆ ಸೇರಿದಾಗ ಕೆಂಪಾಗುತ್ತದೆ. ಸಿಂಧೂರವೆಂಬುದು ಹಲವು ಕಡೆ ಸೀಸದ ಆಕ್ಸೈಡೇ. ಅಮೆರಿಕದ ನ್ಯೂ ಜೆರ್ಸಿ ಪ್ರಾಂತದಲ್ಲಿಯೂ ಮುಂಬಯಿ, ದೆಹಲಿಗಳಲ್ಲಿಯೂ ಕೊಂಡ ೧೧೮ ಸಿಂಧೂರದ ಮಾದರಿಗಳನ್ನು ಪರೀಕ್ಷಿಸಿದ ಸಂಶೋಧಕರು ೨೦೧೭ರಲ್ಲಿ ಪ್ರಕಟಿಸಿದ ವರದಿಯಂತೆ ಬಹುಪಾಲು ಮಾದರಿಗಳಲ್ಲಿ ಸೀಸವಿತ್ತು; ಕೆಲವುಗಳಲ್ಲಿ ಅತಿ ಹೆಚ್ಚಾಗಿಯೇ ಇತ್ತು. ಬೈತಲೆಯಲ್ಲಿದ್ದಷ್ಟು ಹೊತ್ತು ಅದರ ಕೇಡು ಅಲ್ಪ. ಅದೇ ಪುಡಿ ತೊಟ್ಟಿಲ ಕೂಸಿನ ಕೈಗೆ, ಕೈಯಿಂದ ಬಾಯಿಗೆ ಹೋದಾಗ ಸಂಗತಿ ಬೇರೆಯಾಗುತ್ತದೆ.

ಸುರ್ಮಾದ ವಿಷಯವೂ ಹೀಗೆಯೇ. ಅದು ಆಂಟಿಮನಿಯ ಖನಿಜವೆಂದು ಪುಸ್ತಕಗಳಲ್ಲಿ ಓದುತ್ತೇವೆ. ಆದರೆ ಪರೀಕ್ಷಿಸಿ ನೋಡಿದಾಗ ಮಾರುಕಟ್ಟೆಯ ಅನೇಕ ಸುರ್ಮಾಗಳು ಗೆಲೀನಾ ಎಂಬ ಸೀಸದ ಅದಿರೆಂದು ಕಂಡುಬಂದಿದೆ. ಎರಡೂ ಕಪ್ಪಾಗಿ ಹೊಳೆಯುವ ಕಲ್ಲುಗಳಾದುದರಿಂದ ಹೆಸರು ಬದಲಾದದ್ದು ಯಾರಿಗೂ ತಿಳಿಯಲಿಲ್ಲ. ಹಬ್ಬದ ದಿನ ಹಿರಿಯರು ಪ್ರೀತಿಯಿಂದ ಹಚ್ಚಿದ ಸುರ್ಮಾವನ್ನು ಮಗು ಕಣ್ಣುಜ್ಜಿ ಬೆರಳು ಚೀಪಿ ನುಂಗುತ್ತದೆ. ಜಠರದ ಆಮ್ಲವು ಅದರ ಸೀಸವನ್ನು ಬಿಡಿಸುತ್ತದೆ. ಹಚ್ಚುವ ಪದ್ಧತಿಯನ್ನು ಬಿಡಬೇಕಾಗಿಲ್ಲ. ಮಕ್ಕಳ ಕಣ್ಣಿಗೆ ಮಾತ್ರ ಬೇಡ. ದೊಡ್ಡವರಿಗೂ ಸೀಸವಿಲ್ಲವೆಂದು ಪರೀಕ್ಷೆಯಾದ ಪದಾರ್ಥವೇ ಬೇಕು.

ಬಳಪದಿಂದ ಪೌಡರು

ಇನ್ನು ಎಲ್ಲರ ಮನೆಯಲ್ಲಿಯೂ ಇರುವ ಮುಖದ ಪೌಡರು. ಇದರ ಮೂಲದ್ರವ್ಯ ಟಾಲ್ಕ್, ಅಂದರೆ ನಮ್ಮ ಬಳಪದ ಕಲ್ಲಿನ ಮುಖ್ಯ ಖನಿಜ. ಹಿಂದೆ ಪಾಟಿಯ ಮೇಲೆ ಬರೆಯುತ್ತಿದ್ದ ಬಳಪವೂ, ೧೧೧೭ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಕಲ್ಲೂ ಇದೇ ಬಳಗಕ್ಕೆ ಸೇರಿದುವು. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾನದಲ್ಲಿ ಟಾಲ್ಕಿಗೆ ೧, ವಜ್ರಕ್ಕೆ ೧೦. ಮೆಗ್ನೀಸಿಯಂ, ಸಿಲಿಕಾನ್, ಆಮ್ಲಜನಕ, ಜಲಜನಕಗಳಿಂದಾದ ಈ ಖನಿಜದ ತೆಳುಹಾಳೆಗಳು ಒಂದರ ಮೇಲೊಂದು ಜಾರುವುದರಿಂದಲೇ ಅದಕ್ಕೆ ಆ ನುಣುಪು. ಚರ್ಮದ ಮೇಲೆ ಟಾಲ್ಕು ಕರಗದು, ಒಳಹೊಗದು. ಹೀಗೆಂದಮೇಲೆ ಚಿಂತೆ ಯಾವುದು?

ಚಿಂತೆಗಳು ಎರಡು. ಭೂಗರ್ಭದಲ್ಲಿ ಟಾಲ್ಕಿನ ಪಕ್ಕದಲ್ಲಿಯೇ ಕೆಲವೊಮ್ಮೆ ಕಲ್ನಾರಿನ ಜಾತಿಯ ಖನಿಜಗಳೂ ಹುಟ್ಟುತ್ತವೆ. ಗಣಿಯನ್ನು ಆಯ್ದುಕೊಳ್ಳುವಲ್ಲಿ ಎಚ್ಚರ ತಪ್ಪಿದರೆ ಅವು ಪೌಡರಿಗೂ ಬೆರೆಯುತ್ತವೆ. ಕಲ್ನಾರಿನ ಸೂಜಿಯಂತಹ ಎಳೆಗಳು ಶ್ವಾಸಕೋಶದಲ್ಲಿ ನೆಟ್ಟು ಕ್ಯಾನ್ಸರಿಗೆ ಕಾರಣವಾಗುವುದು ಸಿದ್ಧವಾದ ಸಂಗತಿ. ಎರಡನೆಯದಾಗಿ, ಶುದ್ಧವಾದ ಟಾಲ್ಕನ್ನೇ ಉಸಿರಿನೊಡನೆ ಎಳೆದುಕೊಂಡರೂ ತೊಂದರೆಯುಂಟು. ಕೂಸಿಗೆ ಸ್ನಾನ ಮಾಡಿಸಿ ಪೌಡರಿನ ಮೋಡವೆಬ್ಬಿಸುವುದು ನಮ್ಮಲ್ಲಿ ವಾಡಿಕೆ. ಡಬ್ಬಿಯು ಮುಖದ ಮೇಲೆ ಮಗುಚಿ, ಪುಡಿ ಶ್ವಾಸನಾಳಕ್ಕೆ ಹೋಗಿ ಕೂಸುಗಳ ಪ್ರಾಣಕ್ಕೆ ಎರವಾದ ಪ್ರಸಂಗಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೨೦೨೪ರ ಜುಲೈನಲ್ಲಿ ಟಾಲ್ಕನ್ನು ‘ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ವರ್ಗಕ್ಕೆ ಸೇರಿಸಿತು. ಈ ವರ್ಗೀಕರಣವು ಸಾಕ್ಷ್ಯವೆಷ್ಟು ಬಲವಾದುದು ಎಂಬುದನ್ನು ತಿಳಿಸುತ್ತದೆಯೇ ಹೊರತು, ಮುಖಕ್ಕೆ ಪೌಡರು ಸವರಿದವರಿಗೆಲ್ಲ ರೋಗ ಬರುವುದೆಂದು ಅರ್ಥವಲ್ಲ. ಮಾನವರಲ್ಲಿ ಸಂದೇಹವಿರುವುದು ಮುಖ್ಯವಾಗಿ ಗುಹ್ಯಭಾಗಗಳಿಗೆ ಪೌಡರು ಹಾಕುವ ಸ್ತ್ರೀಯರ ಅಂಡಾಶಯದ ಕ್ಯಾನ್ಸರನ್ನು ಕುರಿತು. ಆ ಬಳಕೆಯನ್ನು ಬಿಡುವುದರಿಂದ ಯಾರಿಗೂ ನಷ್ಟವಿಲ್ಲ.

ಕಾವಿ, ಶೇಡಿ, ಕಾಗೆಬಂಗಾರ

ಈಗ ‘ಮಿನರಲ್ ಮೇಕಪ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಪುಡಿಗಳಲ್ಲಿ ಏನಿರುತ್ತದೆ ಎಂದು ಹುಡುಕಿದರೆ ಕರಾವಳಿಯ ಓದುಗನಿಗೆ ಹಳೆಯ ಪರಿಚಿತರೇ ಎದುರಾಗುತ್ತಾರೆ. ಅದರ ಕೆಂಪು, ಹಳದಿಗಳು ಕಬ್ಬಿಣದ ಆಕ್ಸೈಡುಗಳು. ನಮ್ಮ ಚಿರೇಕಲ್ಲಿಗೆ ಕೆಂಪು ಬಂದದ್ದು ಇದರಿಂದಲೇ. ಕರಾವಳಿಯ ಹಳೆಯ ದೇವಾಲಯಗಳ ಗೋಡೆಗಳಲ್ಲಿ ಕಾಣುವ ಕಾವಿಯ ಚಿತ್ರಗಳ ಬಣ್ಣವೂ ಇದೇ. ಚಿರೇಕಲ್ಲಿನ ಪದರದ ಅಡಿಯಲ್ಲಿ ಸಿಕ್ಕುವ ಬಿಳಿಯ ಶೇಡಿಮಣ್ಣಿನ ಮುಖ್ಯ ಖನಿಜ ಕೇಯೊಲಿನ್. ಎಣ್ಣೆಜಿಡ್ಡನ್ನು ಹೀರುವ ಗುಣವಿರುವುದರಿಂದ ಶುದ್ಧಿ ಮಾಡಿದ ಕೇಯೊಲಿನ್ನನ್ನು ಮುಖಕ್ಕೆ ಬಳಸುತ್ತಾರೆ. ಮಿನುಗಿಗೆ ಕಾಗೆಬಂಗಾರ, ಎಂದರೆ ಅಭ್ರಕ. ಬಿಳುಪಿಗೆ ಟೈಟೇನಿಯಂ ಡೈಆಕ್ಸೈಡು. ಇದರ ಅದಿರು ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿಗಳ ಕಪ್ಪು ಮರಳಿನಲ್ಲಿ ವಿಪುಲವಾಗಿದೆ. ಇವೆಲ್ಲವೂ ಕರಗದ, ಚರ್ಮಕ್ಕೆ ಸೌಮ್ಯವಾದ ಖನಿಜಗಳು. ಆದರೆ ನೆಲದಿಂದ ತೆಗೆದ ಕಾವಿಯಲ್ಲಿ ಸೀಸ, ಆರ್ಸೆನಿಕ್‌ಗಳ ಸುಳಿವಿರಬಹುದಾದುದರಿಂದ ಪ್ರಸಾಧನಕ್ಕೆ ಬೇಕಾದ ಕಬ್ಬಿಣದ ಆಕ್ಸೈಡನ್ನು ಈಗ ಕಾರ್ಖಾನೆಗಳಲ್ಲಿಯೇ ತಯಾರಿಸುತ್ತಾರೆ. ಇಲ್ಲಿ ಕೃತಕವಾದುದೇ ನೈಸರ್ಗಿಕಕ್ಕಿಂತ ಶುದ್ಧ! ಸೌಮ್ಯವಾದ ಈ ಪುಡಿಗಳನ್ನೂ ಗಾಳಿಯಲ್ಲಿ ಹಾರಿಸಿ ಉಸಿರಾಡುವುದು ತರವಲ್ಲ.

ಬೆಳ್ಳಗಾಗುವ ಹಂಬಲ

ಪುಡಿಗಿಂತ ಮಿಗಿಲಾದ ಗಂಡಾಂತರವೊಂದು ಕ್ರೀಮಿನ ರೂಪದಲ್ಲಿ ಬರುತ್ತಿದೆ. ಬಣ್ಣವನ್ನು ತಿಳಿಮಾಡುವುದೆಂದು ಮಾರುವ ಕೆಲವು ಕ್ರೀಮುಗಳಲ್ಲಿ ಪಾದರಸದ ಲವಣಗಳಿರುತ್ತವೆ. ಇಂಗಳೀಕದಂತಲ್ಲದೆ ಇವು ಚರ್ಮದ ಮೂಲಕ ಒಳಹೊಕ್ಕು, ಚರ್ಮದ ಕಪ್ಪುದ್ರವ್ಯದ ತಯಾರಿಕೆಯನ್ನು ತಡೆಯುತ್ತವೆ; ಅನಂತರ ಮೂತ್ರಪಿಂಡಗಳನ್ನು ಸೇರುತ್ತವೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್ಲಿನ ವೈದ್ಯರು ೨೦೨೧ರ ಜುಲೈಯಿಂದ ೨೦೨೩ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಮೂತ್ರಪಿಂಡ ರೋಗದ ೨೨ ಪ್ರಸಂಗಗಳನ್ನು ಪರಿಶೀಲಿಸಿದರು. ಅವರಲ್ಲಿ ೧೫ ಮಂದಿಗೆ ಆ ರೋಗದ ಒಂದು ವಿಶಿಷ್ಟ ಪ್ರಕಾರವಿತ್ತು. ಆ ೧೫ರಲ್ಲಿ ೧೩ ಮಂದಿ ಇಂತಹ ಕ್ರೀಮುಗಳನ್ನು ಹಚ್ಚುತ್ತಿದ್ದರು. ಮುಖದ ಬಣ್ಣವನ್ನು ಒಂದು ಛಾಯೆ ತಿಳಿಮಾಡಲು ಮೂತ್ರಪಿಂಡವನ್ನು ಒತ್ತೆಯಿಡುವ ವ್ಯಾಪಾರವಿದು. ಮೈಯ ಕಪ್ಪುದ್ರವ್ಯವು ಬಿಸಿಲಿನಿಂದ ನಮ್ಮನ್ನು ಕಾಯುವ ಕೊಡೆ. ಅದನ್ನು ಹರಿದುಕೊಳ್ಳುವುದರಲ್ಲಿ ಜಾಣತನವಿಲ್ಲ.

ನಾವು ಮಾಡಬಹುದಾದುದು

ಭಾರತದಲ್ಲಿ ಜಾರಿಯಲ್ಲಿರುವ ೨೦೨೦ರ ಕಾಸ್ಮೆಟಿಕ್ಸ್ ನಿಯಮಾವಳಿಯಂತೆ ಬಣ್ಣಕ್ಕಾಗಿ ಸೀಸ, ಆರ್ಸೆನಿಕ್ ಸಂಯುಕ್ತಗಳನ್ನು ಬಳಸಕೂಡದು. ಬಣ್ಣದ್ರವ್ಯದಲ್ಲಿ ಬೆರಕೆಯಾಗಿ ಉಳಿಯಬಹುದಾದ ಸೀಸವು ಹತ್ತು ಲಕ್ಷ ಭಾಗಕ್ಕೆ ೨೦ ಭಾಗವನ್ನೂ, ಆರ್ಸೆನಿಕ್ಕು ೨ ಭಾಗವನ್ನೂ ಮೀರಬಾರದು. ಕಣ್ಣಿಗೆ ಹಚ್ಚುವ ಪ್ರಸಾಧನಗಳನ್ನು ಬಿಟ್ಟರೆ ಉಳಿದವುಗಳಲ್ಲಿ ಪಾದರಸಕ್ಕೆ ಇರುವ ಮಿತಿ ಹತ್ತು ಲಕ್ಷಕ್ಕೆ ೧ ಭಾಗ. ಆದರೆ ಗೋಡೆಗೋ ವಿಗ್ರಹಕ್ಕೋ ಎಂದು ಬಿಡಿಯಾಗಿ ಮಾರುವ ಬಣ್ಣದ ಪುಡಿಗೆ ಈ ಕಾವಲು ಇಲ್ಲ. ತಯಾರಕರ ಹೆಸರು, ಪರವಾನಗಿ ಸಂಖ್ಯೆ, ಘಟಕಗಳ ಪಟ್ಟಿ ಇಲ್ಲದ ಪದಾರ್ಥವನ್ನು ಮುಖಕ್ಕೆ ತಾಗಿಸದಿರುವುದೇ ಲೇಸು.

ವಿದ್ಯಾರ್ಥಿಗಳು ಮನೆಯಲ್ಲಿಯೇ ಮೂರು ಸಣ್ಣ ಪ್ರಯೋಗಗಳನ್ನು ಮಾಡಿ ನೋಡಬಹುದು. ಕುಂಕುಮದ ಮೇಲೆ ನಿಂಬೆರಸ ಹಿಂಡಿರಿ: ಅರಸಿನದ ಕುಂಕುಮವಾದರೆ ಹಳದಿಗೆ ತಿರುಗುವುದು. ಬಳಪವೆಂದು ಕೊಂಡುದರ ಮೇಲೂ ನಿಂಬೆರಸ ಹಾಕಿರಿ: ನೊರೆ ಬಂದರೆ ಅದು ಸುಣ್ಣದ ಸೀಮೆಸುಣ್ಣ, ಬಾರದಿದ್ದರೆ ನಿಜವಾದ ಬಳಪವಿರಬಹುದು. ಕಪ್ಪು ಪಾಟಿಯ ಮೇಲೆ ಎರಡು ಹನಿ ಕೊಬ್ಬರಿ ಎಣ್ಣೆ ಇಟ್ಟು, ಒಂದರಲ್ಲಿ ಬಳಪದ ಪುಡಿಯನ್ನೂ ಇನ್ನೊಂದರಲ್ಲಿ ಸತುವಿನ ಆಕ್ಸೈಡನ್ನೂ ಕಲಸಿರಿ. ಬಳಪದ ಬಿಳುಪು ಮಾಯವಾಗಿ, ಸತುವಿನದು ಹಾಗೆಯೇ ಉಳಿಯುವುದು. ಬೆಳಕನ್ನು ಬಗ್ಗಿಸುವ ಶಕ್ತಿಯನ್ನು ಸೂಚಿಸುವ ಅಂಕಿ ಎಣ್ಣೆಗೆ ಸುಮಾರು ೧.೪೫, ಟಾಲ್ಕಿಗೆ ೧.೫೮, ಸತುವಿನ ಆಕ್ಸೈಡಿಗೆ ೨. ಅಂತರ ಹೆಚ್ಚಿದಷ್ಟೂ ಬಿಳುಪು ಹೆಚ್ಚು. ಬೆವರಿದ ಮುಖದಲ್ಲಿ ಪೌಡರು ಮಾಯವಾಗುವುದೂ, ವೇಷಧಾರಿಯ ಬಿಳಿ ಬೆಳಗಿನವರೆಗೆ ನಿಲ್ಲುವುದೂ ಈ ಕಾರಣದಿಂದಲೇ. ಆದರೆ ಸೀಸವಿದೆಯೇ ಎಂಬುದನ್ನು ಈ ಪ್ರಯೋಗಗಳಾವುವೂ ಹೇಳಲಾರವು. ಅದಕ್ಕೆ ಪ್ರಯೋಗಶಾಲೆಯೇ ಬೇಕು.

ಬೆಳಗಿನ ಜಾವ ಮಂಗಳ ಹಾಡಿ ಆಟ ಮುಗಿದಮೇಲೆ ವೇಷಧಾರಿಯು ಮತ್ತೆ ಚೌಕಿಗೆ ಬಂದು ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುವನು. ಹಾಗೆ ಒರೆಸಿದ ಮೇಲೆ, ಕೈಯನ್ನೂ ಉಗುರಿನ ಸಂದನ್ನೂ ಸಾಬೂನಿನಿಂದ ಚೆನ್ನಾಗಿ ತೊಳೆಯದೆ ಚಹದ ಲೋಟವನ್ನು ಮುಟ್ಟಬಾರದು. ಸತುವಿನ ಬಿಳಿ, ಕಬ್ಬಿಣದ ಕೆಂಪು ಹಳದಿ, ದೀಪದ ಕಪ್ಪು: ಇಷ್ಟರಿಂದಲೇ ರಾಜವೇಷವೂ ಸ್ತ್ರೀವೇಷವೂ ಬಣ್ಣದ ವೇಷವೂ ಸಿದ್ಧವಾಗಬಲ್ಲವು. ಸೀಸ, ಅರದಾಳಗಳನ್ನು ಬಿಟ್ಟುದರಿಂದ ಕಲೆಗೆ ಏನೂ ಕುಂದು ಬಾರದು. ಕಲಾವಿದನ ಆಯುಷ್ಯಕ್ಕೆ ಮಾತ್ರ ಲಾಭವುಂಟು.